ಎರಡು ಗಂಟು, ಅಡ್ಡಗೆರೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ಮೇಷ್ಟ್ರಿಗೆ ಅರ್ಥ ಹೇಳುವ ಚಟ. ಯಾರಾದರೂ ಒಂದು ಹಾಡು ಗುನುಗಿದರೆ ಸಾಕು, ಅದರ ಹೊಟ್ಟೆ ಸೀಳಿ ಒಳಗೇನಿದೆ ಎಂದು ತೋರಿಸದ ಹೊರತು ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ ಈ ಚಟಕ್ಕೆ ರೇಡಿಯೋದವರು ವಾರಕ್ಕೆ ಹದಿನೈದು ನಿಮಿಷ ಜಾಗ ಕೊಟ್ಟರು. ಅಂದಿನಿಂದ ಜನ ಅವರನ್ನು ‘ಅರ್ಥದ ಮೇಷ್ಟ್ರು’ ಎಂದೇ ಕರೆಯತೊಡಗಿದರು. ಅದು ಹೊಗಳಿಕೆಯೋ ಗೇಲಿಯೋ, ಆ ಒಂದು ಅರ್ಥವನ್ನು ಮಾತ್ರ ಮೇಷ್ಟ್ರು ಹುಡುಕಲು ಹೋಗಿರಲಿಲ್ಲ.

ಅವರಿಗೆ ಹೆಸರು ತಂದದ್ದು ಬಟ್ಟೆ ಒಗೆಯುವ ಹೆಂಗಸರ ಒಂದು ಹಾಡು. ಯಾರು ಕಟ್ಟಿದ್ದೋ ಯಾರಿಗೂ ತಿಳಿಯದು. ಆಸ್ಪತ್ರೆಯ ಒಗೆತದ ಮನೆಯಲ್ಲಿ ಶುರುವಾಗಿ, ಲಾಂಡ್ರಿಯಿಂದ ಲಾಂಡ್ರಿಗೆ ನಡೆದು, ಕೊನೆಗೆ ವೇದಿಕೆ ಹತ್ತಿದ ಹಾಡು ಅದು. ಅದರ ಪಲ್ಲವಿ ಹೀಗಿತ್ತು:

ಎರಡು ಗಂಟು ಅಡ್ಡಗೆರೆ, ಯಾಕೆ ಸುಮ್ಮನಿದ್ದೆ?
ನೀರಿಗೆ ಗೊತ್ತು, ಕಲ್ಲಿಗೆ ಗೊತ್ತು, ನೀನೂ ಅಲ್ಲೇ ಇದ್ದೆ.

ನೀರು ಸರಿ, ಕಲ್ಲು ಸರಿ. ಈ ಎರಡು ಗಂಟು ಅಡ್ಡಗೆರೆ ಎಂದರೇನು? ಹಾಡುವವರಿಗೇ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಗೊತ್ತಾಯಿತು. ಒಂದು ಗಂಟು ಹುಟ್ಟು, ಇನ್ನೊಂದು ಗಂಟು ಸಾವು, ನಡುವೆ ಎಳೆದ ಅಡ್ಡಗೆರೆಯೇ ಬದುಕು. ಈ ಮೂರನ್ನೂ ಹಿಡಿದುಕೊಂಡಿರುವವನು ದೇವರು. ‘ಎಲ್ಲ ಕಡೆಯೂ ಇರುವವನೇ, ಅನ್ಯಾಯ ನಡೆಯುವಾಗ ನೀನೂ ಅಲ್ಲೇ ಇದ್ದೆಯಲ್ಲ, ಯಾಕೆ ಸುಮ್ಮನಿದ್ದೆ?’ ಎಂದು ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ದೇವರ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದಾಳೆ! ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ತಾನಾಗಿಯೇ ನಡುಗುತ್ತಿತ್ತು, ಸಭೆ ಚಪ್ಪಾಳೆ ತಟ್ಟುತ್ತಿತ್ತು. ಇಪ್ಪತ್ತು ವರ್ಷಗಳಿಂದ ಇದೇ ನಡುಕ, ಇದೇ ಚಪ್ಪಾಳೆ. ಈಗ ಅದೆಲ್ಲ ಸೇರಿ ಒಂದು ಪುಸ್ತಕವಾಗಿ ಅಚ್ಚಿನ ಮನೆಯಲ್ಲಿ ಕೂತಿತ್ತು. ಪುಸ್ತಕದ ಹೆಸರೂ ‘ಎರಡು ಗಂಟು’. ತಿದ್ದಿದ ಕರಡು ಬುಧವಾರದೊಳಗೆ ಕೈಗೆ ಬರಬೇಕೆಂದು ಮುದ್ರಕ ತಾಕೀತು ಮಾಡಿದ್ದ.

ಪುಸ್ತಕ ಬರುವ ಮುಂಚೆ ಒಂದು ಕೊನೆಯ ಭಾಷಣ, ಶನಿವಾರ ಮಧ್ಯಾಹ್ನ, ಗ್ರಂಥಾಲಯದ ಸಭಾಂಗಣದಲ್ಲಿ. ಚಪ್ಪಾಳೆ ಮುಗಿದು, ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಎದ್ದು ನಿಂತಳು. ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆ ತಗುಲಿದ ಹಳೆಯ ಸುಟ್ಟ ಗುರುತುಗಳು.

“ಸರ್, ಆ ಹಾಡು ನಮ್ಮಮ್ಮ ಕಟ್ಟಿದ್ದು,” ಎಂದಳು. “ಅದು ಹುಟ್ಟೂ ಅಲ್ಲ, ಸಾವೂ ಅಲ್ಲ. ಬಟ್ಟೆಗೆ ಹಾಕೋ ಗುರುತು ಸರ್. ಆಗ ಲಾಂಡ್ರಿಗಳಲ್ಲಿ ಚೀಟಿ ಇರ್ಲಿಲ್ಲ. ಯಾರ ಬಟ್ಟೆ ಯಾರಿಗೂ ಹೋಗ್ಬಾರ್ದು ಅಂತ ಕಾಲರ್ ಒಳಗೆ ಕೆಂಪು ದಾರದಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಹೊಲೀತಿದ್ರು. ಎರಡು ಗಂಟು ಅಡ್ಡಗೆರೆ ಅಂದ್ರೆ ಯಾವ್ದೋ ಒಂದು ಮನೆ.”

ಸಭೆ ಮೇಷ್ಟ್ರ ಕಡೆ ತಿರುಗಿತು. ಮೂವತ್ತೆರಡು ವರ್ಷ ತರಗತಿ ಆಳಿದ ನಾಲಿಗೆ ಎಲ್ಲಿ ಸುಮ್ಮನಿರುತ್ತದೆ?

“ತಾಯೀ, ನಿಮ್ಮ ಕೆಲಸ ಬಟ್ಟೆಯ ಸುಕ್ಕು ತೆಗೆಯೋದು, ನನ್ನ ಕೆಲಸ ಮಾತಿನ ಸುಕ್ಕು ತೆಗೆಯೋದು. ನಾನು ನಿಮ್ಮ ಪೆಟ್ಟಿಗೆ ಮುಟ್ಟಲ್ಲ, ನೀವು ನನ್ನ ಹಾಡು ಮುಟ್ಟಬೇಡಿ!”

ಸಭೆ ಗೊಳ್ಳೆಂದಿತು. ಹೆಂಗಸು ನಗಲಿಲ್ಲ. “ಅಮ್ಮ ಇನ್ನೂ ಇದ್ದಾಳೆ ಸರ್. ಬಸ್ ನಿಲ್ದಾಣದ ಹಿಂದೆ, ನಮ್ಮ ಅಂಗಡಿ ಹಿಂದಿನ ಕೋಣೇಲಿ. ಬೇಕಾದ್ರೆ ಬಂದು ಕೇಳಿ,” ಎಂದು ಹೇಳಿ ಕುಳಿತುಕೊಂಡಳು. ಮೇಷ್ಟ್ರು ನೀರು ಕುಡಿದು ಮುಂದಿನ ಪ್ರಶ್ನೆಗೆ ಹೋದರು. ನಿಜ ಹೇಳಬೇಕೆಂದರೆ, ಆ ಜೋಕಿನ ಬಗ್ಗೆ ಮನೆ ಮುಟ್ಟುವವರೆಗೂ ಅವರಿಗೆ ಒಳಗೊಳಗೇ ಖುಷಿಯಿತ್ತು.

ಭಾನುವಾರದ ಊಟ ಅಕ್ಕನ ಮನೆಯಲ್ಲಿ. ಅಕ್ಕನಿಗೆ ಎಪ್ಪತ್ತೆರಡು. ಟೆಲಿಫೋನ್ ಕಚೇರಿಯಲ್ಲಿ ಇಡೀ ಆಯುಷ್ಯ ಇನ್ನೊಬ್ಬರ ಮಾತು ಜೋಡಿಸಿಕೊಟ್ಟವಳು, ಈಗ ತಮ್ಮನ ಮಾತು ಕೇಳಿಸಿಕೊಳ್ಳುವುದರಲ್ಲಿ ಅರ್ಧ ಕಿವಿ ಸಾಕು ಎಂದುಕೊಂಡವಳು. ಮೇಷ್ಟ್ರು ಕೈ ತೊಳೆಯುತ್ತಾ ಶನಿವಾರದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದರು. ಮಾತಿನ ಸುಕ್ಕು ಎಂಬಲ್ಲಿ ಅಕ್ಕ ನಗಬೇಕಿತ್ತು, ನಗಲಿಲ್ಲ.

“ಅದು ನಮ್ಮನೆ ಗುರುತು ಕಣೋ,” ಎಂದಳು.

“ಯಾವುದು?”

“ಎರಡು ಗಂಟು ಅಡ್ಡಗೆರೆ. ನಿನಗೆ ನೆನಪಿಲ್ವಾ? ನೀನು ರೇಡಿಯೋದಲ್ಲಿ ಹುಟ್ಟು ಸಾವು ಅಂತೆಲ್ಲ ಅಂದಾಗ ಹೇಳೋಣ ಅಂತಲೇ ಇದ್ದೆ. ಅಷ್ಟು ದೊಡ್ಡ ಮಾತಿನ ಮಧ್ಯೆ ನಮ್ಮನೆ ಕೊಳೆ ಬಟ್ಟೆ ಯಾಕೆ ತರೋದು ಅಂತ ಸುಮ್ಮನಾದೆ.”

ಅವಳು ಅಡುಗೆಮನೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯೊಂದನ್ನು ತಂದಳು. ಒಂದು ಕಾಲಕ್ಕೆ ಅಮ್ಮನ ಮೇಜುವಸ್ತ್ರವಾಗಿದ್ದದ್ದು. ಅಂಚು ಮಡಿಸಿ ತೋರಿಸಿದಳು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿದ್ದ ದಾರ. ಒಂದು ಗಂಟು, ಪಕ್ಕದಲ್ಲಿ ಇನ್ನೊಂದು, ಅವುಗಳ ಕೆಳಗೆ ಅಡ್ಡಲಾಗಿ ಒಂದು ಗೆರೆ.

“ನಮ್ಮ ಬಟ್ಟೆ ಹೋಗ್ತಿದ್ದ ಲಾಂಡ್ರಿಯಲ್ಲಿ ನೀಲಿಯಮ್ಮ ಅಂತ ಒಬ್ಬಳಿದ್ದಳಲ್ಲ,” ಅಕ್ಕ ಹೇಳುತ್ತಲೇ ಹೋದಳು, “ಬಿಳಿ ಬಟ್ಟೆಗೆ ನೀಲಿ ಹಾಕೋಳು. ಬೆರಳೆಲ್ಲ ಯಾವಾಗ್ಲೂ ನೀಲಿ. ನೀಲಿ ಸರಿಯಾಗಿ ಕರಗಿಸದೆ ಅಪ್ಪನ ಬಿಳಿ ಕೋಟು ಹಾಳು ಮಾಡಿದಳಲ್ಲೋ, ಅವಳೇ. ಅಪ್ಪ ಹೋಗಿ ಗಲಾಟೆ ಮಾಡಿ ಅವಳನ್ನ ಕೆಲಸದಿಂದ ತೆಗೆಸಿದ್ರು.”

ಮೇಷ್ಟ್ರು ಚಹಾ ಬೇಡವೆಂದು ಎದ್ದು ಹೊರಟರು. ಚಹಾ ಬೇಡವೆನ್ನುವ ತಮ್ಮನನ್ನು ಅಕ್ಕ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಕೋಟು ಹಾಳು ಮಾಡಿದ್ದು ನೀಲಿಯಮ್ಮ ಅಲ್ಲ. ಭೂಮಿಯ ಮೇಲೆ ಇದನ್ನು ಬಲ್ಲವರು ಇಬ್ಬರೇ.

ಅಪ್ಪನಿಗೆ ಬಡ್ತಿ ಸಿಕ್ಕಾಗ ಹೊಲಿಸಿದ ಕೋಟು ಅದು. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಹನ್ನೊಂದರ ಹುಡುಗ ಅದನ್ನು ತೊಟ್ಟು, ಅಪ್ಪನ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕನ್ನಡಿಯ ಮುಂದೆ ಭಾಷಣ ಮಾಡಿದ. ಹೌದು, ಆಗಲೇ ಆ ಚಟ. ಮಾತಿನ ರಭಸದಲ್ಲಿ ಪೆನ್ನಿನ ಮುಚ್ಚಳ ಕಳಚಿದ್ದು ತಿಳಿಯಲಿಲ್ಲ. ನೋಡಿದರೆ ಜೇಬಿನ ಸುತ್ತ ಅಂಗೈಯಗಲ ನೀಲಿ ಶಾಯಿ. ಒರೆಸಲು ಹೋಗಿ ಬೆರಳಿಗೂ ಬಳಿದುಕೊಂಡ. ಕೋಟನ್ನು ಕಲೆ ಒಳಗಾಗುವಂತೆ ಮಡಿಸಿ, ಲಾಂಡ್ರಿ ಮೂಟೆಯ ನಟ್ಟನಡುವೆ ತುರುಕಿ, ಮಾರನೆಯ ದಿನ ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದ. ಲಾಂಡ್ರಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಅಲ್ಲಿ ಎಲ್ಲರಿಗೂ ಗುರುತೇ ಹೆಸರು. “ಎರಡು ಗಂಟು ಅಡ್ಡಗೆರೆ ಬಂತು!” ಎಂದು ನೀಲಿಯಮ್ಮ ಒಳಗೆ ಕೂಗಿ ಹೇಳಿ ಅವನ ಕೈಯಿಂದ ಮೂಟೆ ಇಸಿದುಕೊಂಡಳು. ಆಗ ಅವನ ಬೆರಳು ನೋಡಿದಳು. “ಏನು ಮರಿ, ನೀನೂ ನೀಲಿ ಹಾಕೋಕೆ ಶುರು ಮಾಡಿದ್ಯಾ?” ಎಂದು ನಕ್ಕಳು.

ಶಾಯಿ ಪೂರ್ತಿ ಹೋಗಲಿಲ್ಲ. ಮಡಿಯಾಗಿ ಬಂದ ಕೋಟಿನ ಎದೆಯ ಮೇಲೆ ತಿಳಿನೀಲಿ ಮಚ್ಚೆ ನೋಡಿ ಅಪ್ಪ ಕೆಂಡವಾದರು. ಮಗನ ಕೈ ಹಿಡಿದು ಎಳೆದುಕೊಂಡೇ ಲಾಂಡ್ರಿಗೆ ಹೋದರು. ಒಗೆತದ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಕಲ್ಲಿನ ಪಕ್ಕ ನೀಲಿಯಮ್ಮ ಒದ್ದೆ ಕೈಯಲ್ಲಿ ನಿಂತಿದ್ದಳು. “ಬರುವಾಗಲೇ ಇತ್ತು ಸ್ವಾಮೀ, ಈ ಮರಿಯನ್ನೇ ಕೇಳಿ,” ಎಂದಳು. ಮಾಲೀಕ ಹುಡುಗನನ್ನು ನೋಡಿದ. ಅಪ್ಪ ಕೇಳಿದರು, “ಕೊಡುವಾಗ ಕಲೆ ಇತ್ತೇನೋ?” ಹುಡುಗ ಎರಡೂ ಕೈ ಚಡ್ಡಿಯ ಜೇಬಿಗೆ ಇಳಿಬಿಟ್ಟ. ಬಾಯಿ ಬಿಡಲಿಲ್ಲ. ಅವನು ಸುಳ್ಳು ಹೇಳಲಿಲ್ಲ. ಅದನ್ನೇ ಎಷ್ಟೋ ವರ್ಷ ಅವನು ತನ್ನ ಪುಣ್ಯವೆಂದುಕೊಂಡಿದ್ದ. ಅಪ್ಪನಿಗೆ ಆ ಮೌನವೇ ಸಾಕಾಯಿತು. ಹತ್ತು ನಿಮಿಷದಲ್ಲಿ ಅವಳು ತನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ವಾರವಾರವೂ ಆ ಕೂಗು ಕೇಳಿದ ಕಿವಿ ಅದನ್ನು ಮರೆತಿತ್ತು ಎಂದರೆ ನಂಬುವುದು ಕಷ್ಟ. ಮೇಷ್ಟ್ರಿಗೂ ನಂಬಿಕೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ಆ ಹಾಡು ಕೇಳಿದಾಗ ಎದೆಯಲ್ಲಿ ಏನೋ ಚುಚ್ಚಿದ್ದು ನಿಜ. ಆ ಚುಚ್ಚಿದ್ದಕ್ಕೇ ಅವರು ಅನುಭಾವ ಎಂದು ಹೆಸರಿಟ್ಟಿದ್ದರು. ಮನೆಯ ಕಾಲರಿನಲ್ಲಿದ್ದದ್ದನ್ನು ಅಷ್ಟು ಅವಸರವಾಗಿ ಆಕಾಶಕ್ಕೆ ಏರಿಸಿದ್ದು ಯಾಕೆ? ತಾವು ನಿಲ್ಲಬೇಕಿದ್ದ ಕಟಕಟೆಯಲ್ಲಿ ದೇವರನ್ನು ನಿಲ್ಲಿಸಿ, ಮೇಲಿಂದ ಚಪ್ಪಾಳೆ ಬೇರೆ ಗಿಟ್ಟಿಸಿದ್ದರು. ದಾರಿಯಲ್ಲಿ ಪರಿಚಯದವರೊಬ್ಬರು “ನಿನ್ನೆ ಭಾಷಣ ಅದ್ಭುತ ಮೇಷ್ಟ್ರೇ” ಎಂದಾಗ ಅವರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಇಷ್ಟೆಲ್ಲ ನಾಚಿಕೆಪಟ್ಟವರು ಸೋಮವಾರ ಬೆಳಿಗ್ಗೆ ಮಾಡಿದ್ದೇನು? ಕರಡು ತೆಗೆದು, ಕೆಂಪು ಪೆನ್ನಿನಿಂದ ಆ ಅಧ್ಯಾಯದ ಕೆಳಗೆ ಒಂದು ಅಡಿಟಿಪ್ಪಣಿ ಸೇರಿಸಿದರು: ‘ಕೆಲವರ ಪ್ರಕಾರ ಇದು ಯಾವುದೋ ಒಂದು ಮನೆಯ ಬಟ್ಟೆಯ ಗುರುತು.’ ಓದಿ ನೋಡಿದರು. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಮತ್ತೆ ಓದಿದಾಗ ಚಡ್ಡಿಯ ಜೇಬಿಗೆ ಕೈ ಇಳಿಬಿಟ್ಟ ಹುಡುಗ ಆ ವಾಕ್ಯದೊಳಗೆ ನಿಂತಿದ್ದು ಕಂಡಿತು. ಪೆನ್ನು ಕೆಳಗಿಟ್ಟರು. ಆದರೆ ಟಿಪ್ಪಣಿಯನ್ನು ಹೊಡೆದು ಹಾಕಲೂ ಕೈ ಬರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಕರಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ ನಿಲ್ದಾಣದ ಹಿಂದೆ ಹೋದರು. ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು, ಹೇಳಿಕೊಳ್ಳುವಂಥದ್ದಲ್ಲ. ಊರಲ್ಲಿ ಅಷ್ಟು ಮನೆಗಳಿದ್ದವು, ಅದೇ ಗುರುತು ಇನ್ಯಾರದೋ ಮನೆಗೂ ಇದ್ದಿರಬಾರದೇ? ಹಾಡಿನ ಪಾಪಿ ಇನ್ಯಾರೋ ಆಗಿರಬಾರದೇ?

ಅಂಗಡಿ ಕಿರಿದು. ಮುಂದೆ ಮೇಜು, ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಂಗಿಯೊಂದು ಕೈ ಚಾಚಿ ಮಲಗಿತ್ತು. ಮಗಳು ಅವರನ್ನು ನೋಡಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಶನಿವಾರದ ಮಾತಿಗೆ ಮೇಷ್ಟ್ರು ಏನೋ ತೊದಲಲು ಹೋದರೆ, “ಅದೆಲ್ಲ ಇರ್ಲಿ ಸರ್, ಒಳಗೆ ಹೋಗಿ. ಅಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು,” ಎಂದಳು.

ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ರೇಡಿಯೋ, ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ಕಟ್ಟಿದ ಮಾರುದ್ದದ ಬಿಳಿ ಪಟ್ಟಿ. ಪಟ್ಟಿಯ ತುಂಬ ಕೆಂಪು ದಾರದ ಗುರುತುಗಳು: ಕತ್ತರಿ, ಏಣಿ, ಕೊಕ್ಕೆ, ಗಂಟು. ಮಂಚದ ಮೇಲೆ ಕೂತ ಎಂಬತ್ತರ ಹತ್ತಿರದ ಮುದುಕಿ ದನಿ ಕೇಳಿಯೇ ಗುರುತು ಹಿಡಿದಳು.

“ರೇಡಿಯೋ ಮೇಷ್ಟ್ರಲ್ವಾ? ಬನ್ನಿ ಬನ್ನಿ. ಕೂತ್ಕೊಳ್ಳಿ.”

ಮೇಷ್ಟ್ರು ಕೂತರು. ಆ ಪಟ್ಟಿ ಏನೆಂದು ಕೇಳಿದರು.

“ನಮ್ಮ ಲಾಂಡ್ರಿ ಅಷ್ಟೂ ಮನೆ ಗುರುತು. ಕೆಲಸ ಬಿಟ್ಟು ಬರುವಾಗ ಇದೊಂದು ತಂದೆ. ನಾನೇ ಹೊಲಿದಿದ್ದಲ್ವಾ.” ಎದ್ದು ಬೆರಳಿನಿಂದ ಪಟ್ಟಿಯನ್ನು ತಡವುತ್ತಾ ಹೋದಳು. “ಇದು ಡಾಕ್ಟರ ಮನೆ. ಇದು ಬೇಕರಿಯವರದ್ದು, ಹಿಟ್ಟು ಹೋಗ್ತಾನೇ ಇರ್ಲಿಲ್ಲ. ಇದು...” ಬೆರಳು ನಿಂತಿತು. “ಇದು ನಿಮ್ಮ ದೇವರು.”

“ಅಮ್ಮಾ, ಇದೇ ಗುರುತು ಬೇರೆ ಯಾರ ಮನೆಗಾದರೂ ಇತ್ತಾ?”

“ಒಂದೇ ಗುರುತು ಎರಡು ಮನೆಗೆ ಕೊಟ್ರೆ ಬಟ್ಟೆ ಅದಲು ಬದಲಾಗಲ್ವಾ ಮೇಷ್ಟ್ರೇ? ಒಂದು ಗುರುತು, ಒಂದೇ ಮನೆ.”

ಆಸೆ ಅಲ್ಲಿಗೆ ಮುಗಿಯಿತು. ಮುದುಕಿ ಮತ್ತೆ ಮಂಚಕ್ಕೆ ಬಂದು ಕೂತಳು.

“ನೀವು ದೇವರು ಅಂದಾಗ ಮೊದಲು ನಗು ಬಂತು. ಆಮೇಲೆ ಇರ್ಲಿ ಬಿಡು, ಆ ಮರಿ ದೇವರಾಗೇ ಇರ್ಲಿ ಅಂದ್ಕೊಂಡೆ. ಆದ್ರೆ ಯಾಕೆ ಸುಮ್ಮನಿದ್ದ ಅನ್ನೋದು ಮಾತ್ರ ನೀವು ಹೇಳಲೇ ಇಲ್ಲ. ಇವತ್ತು ಹೇಳ್ತಾರೇನೋ, ಮುಂದಿನ ವಾರ ಹೇಳ್ತಾರೇನೋ ಅಂತ ರೇಡಿಯೋ ಮುಂದೆ ಕೂತಿದ್ದೇ ಬಂತು. ಪುಸ್ತಕದಲ್ಲಾದ್ರೂ ಬರ್ದಿದೀರಾ?”

ಮೇಷ್ಟ್ರು ಚೀಲಕ್ಕೆ ಕೈ ಹಾಕಿದರು. ಕರಡು ಕೈಗೆ ತಗುಲಿತು. ಈಗಲೂ ದಾರಿ ತೆರೆದೇ ಇತ್ತು. ಟಿಪ್ಪಣಿ ಓದಿ, ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸುತ್ತೇನೆ ಎಂದು ಹೇಳಿ, ಕೈ ಮುಗಿದು ಎದ್ದು ಹೋಗಬಹುದಿತ್ತು. ಅವಳು ಸಂತೋಷವನ್ನೇ ಪಡುತ್ತಿದ್ದಳು. ಅದು ಹೊಳೆದದ್ದೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಕೈಯನ್ನು ಚೀಲದಿಂದ ಹೊರಗೆ ತೆಗೆದರು.

“ಹೆದರಿಕೆ,” ಎಂದರು.

“ಏನಂದ್ರಿ?”

“ಹೆದರಿ ಸುಮ್ಮನಿದ್ದೆ ಅಮ್ಮಾ. ಅದು ಇಂಕು. ಅಪ್ಪನ ಪೆನ್ನಿಂದು. ಚೆಲ್ಲಿದ್ದು ನಾನು, ಮಡಿಸಿ ಮೂಟೆಯೊಳಗೆ ಇಟ್ಟಿದ್ದೂ ನಾನೇ. ಹೇಳಿದ್ರೆ ಅಪ್ಪ ಹೊಡೀತಿದ್ರು.”

ಹೊರಗೆ ಯಾರೋ ಗಿರಾಕಿ ಪ್ಯಾಂಟು ಎಷ್ಟೊತ್ತಿಗೆ ಸಿಗುತ್ತದೆ ಎಂದು ಕೇಳುತ್ತಿದ್ದ. ಮುದುಕಿ “ಕೈ ಕೊಡು,” ಎಂದಳು. ನೀವು ಹೋಗಿ ನೀನು ಬಂದಿತ್ತು. ಮೇಷ್ಟ್ರು ಕೊಟ್ಟರು. ಅವಳು ಆ ಬೆರಳುಗಳನ್ನು ಕಣ್ಣಿನ ತೀರಾ ಹತ್ತಿರ ಹಿಡಿದುಕೊಂಡಳು. ತೋರುಬೆರಳಿಗೆ ಟಿಪ್ಪಣಿ ಬರೆದ ಕೆಂಪು ಶಾಯಿ ಅಂಟಿತ್ತು.

“ಹೊಡೀತಿದ್ರಾ ನಿಮ್ಮಪ್ಪ? ಜೋರಾಗಿ?”

“ಒಂದೆರಡು ಏಟು.”

“ಒಂದೆರಡು ಏಟು,” ಎಂದಳು ಅವಳು. ಕೈ ಬಿಟ್ಟಳು. “ನಾನು ಐವತ್ತೈದು ವರ್ಷ ಏನೇನೋ ಅಂದ್ಕೊಂಡೆ ಕಣಪ್ಪ. ಯಾವತ್ತಾದ್ರೂ ನಿನ್ನ ಗದರಿದ್ನೇನೋ. ಬೆರಳು ನೋಡಿ ನಕ್ಕಿದ್ದಕ್ಕೆ ಮನಸ್ಸಿಗೆ ಹಚ್ಕೊಂಡ್ಯೇನೋ. ನಿಮ್ಮಮ್ಮ ಹೇಳ್ಕೊಟ್ಟಿದ್ರೇನೋ. ಯಾವ ಲಾಂಡ್ರಿಯೋರೂ ಸೇರಿಸ್ಕೊಳ್ದೆ ಆಸ್ಪತ್ರೆ ರಕ್ತದ ಬಟ್ಟೆ ಒಗೀತಾ ಅದನ್ನೇ ಯೋಚಿಸ್ತಿದ್ದೆ. ಹಾಡಾಗ್ಹೋಯ್ತು. ಅಷ್ಟು ದೊಡ್ಡ ಅನ್ಯಾಯಕ್ಕೆ ಅಷ್ಟೇ ದೊಡ್ಡ ಕಾರಣ ಇರ್ಲೇಬೇಕು ಅಂದ್ಕೊಂಡಿದ್ದೆ. ಒಂದೆರಡು ಏಟಾ? ಅಷ್ಟೇನಾ?”

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅವರ ತಲೆ ತಾನಾಗಿ ಬಗ್ಗಿತು, ಕಣ್ಣು ತುಂಬಿತು.

“ಅಷ್ಟೇ ಅಮ್ಮಾ. ಕ್ಷಮಿಸಿ...”

“ಕ್ಷಮೆ ಗಿಮೆ ಆಮೇಲೆ ನೋಡೋಣ. ಎದ್ದೇಳು.” ಅವರ ತೋಳು ಹಿಡಿದುಕೊಂಡು, ಗೋಡೆ ತಡವುತ್ತಾ, ಅಂಗಡಿಯ ಬಾಗಿಲವರೆಗೆ ನಡೆಸಿಕೊಂಡು ಬಂದಳು. ಮಗಳು ಪ್ಯಾಂಟಿಗೆ ನೀರು ಚಿಮುಕಿಸಿ ಪೆಟ್ಟಿಗೆ ಎತ್ತಿಕೊಂಡಿದ್ದಳು. ಮೇಜಿನಾಚೆ ಗಿರಾಕಿಗಳು ಇಬ್ಬರು.

“ಈ ಮೇಷ್ಟ್ರು ಏನೋ ಹೇಳ್ತಾರಂತೆ, ಕೇಳು,” ಎಂದಳು ಮಗಳಿಗೆ. ಮೇಷ್ಟ್ರಿಗೆ, “ಹೇಳು.”

ಮೈಕಿಲ್ಲದೆ ಐನೂರು ಜನರಿಗೆ ಕೇಳಿಸುತ್ತಿದ್ದ ಗಂಟಲಿನಿಂದ ಸಣ್ಣ ಸದ್ದಷ್ಟೇ ಹೊರಟಿತು.

“ಗಟ್ಟಿಯಾಗಿ.”

“ಆ ಕೋಟು... ಲಾಂಡ್ರಿಗೆ ಬರೋ ಮುಂಚೆನೇ ಹಾಳಾಗಿತ್ತು.”

“ಇನ್ನೂ ಗಟ್ಟಿಯಾಗಿ. ಯಾರು ಮಾಡಿದ್ದು, ಅದನ್ನೂ ಹೇಳು.”

“ಆ ಕೋಟು ಹಾಳು ಮಾಡಿದ್ದು ನಾನು!” ಎಂದರು ಮೇಷ್ಟ್ರು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. “ನಿಮ್ಮಮ್ಮನ ತಪ್ಪು ಏನೂ ಇರಲಿಲ್ಲ. ಎರಡು ಗಂಟು ಅಡ್ಡಗೆರೆ ನಮ್ಮ ಮನೆ. ಅಲ್ಲಿ ನಿಂತು ಬಾಯಿ ಬಿಡದೇ ಇದ್ದವನು ನಾನು.”

ಗಿರಾಕಿಗಳಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಪೆಟ್ಟಿಗೆ ಕೆಳಗಿಟ್ಟಳು. ಅವಳು ಮೇಷ್ಟ್ರನ್ನು ನೋಡಲೇ ಇಲ್ಲ. ಅಮ್ಮನನ್ನು ನೋಡಿದಳು. ಮುಖ ಸಣ್ಣದಾಗುತ್ತಾ ಬಂತು.

“ಅಮ್ಮಾ,” ಎಂದಳು, “ಅಪ್ಪ ಸಾಯೋವರೆಗೂ ನಿಂದೇ ತಪ್ಪು ಅಂತಿದ್ರು. ನಾನೂ... ನಾನೂ ಹಾಗೇ ಅಂದ್ಕೊಂಡಿದ್ದೆ.”

“ಗೊತ್ತು,” ಎಂದಳು ನೀಲಿಯಮ್ಮ.

ಅವಳು ಮೇಷ್ಟ್ರ ತೋಳು ಬಿಟ್ಟು, ಮೇಜಿನ ಅಂಚು ಹಿಡಿದುಕೊಂಡು ಮಗಳ ಕಡೆ ನಡೆದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಎರಡೂ ಕೈಗಳು ರೂಢಿಯಂತೆ ಜೇಬಿನ ಕಡೆ ಹೋದವು. ಅವರು ಅವನ್ನು ಹೊರಗೇ ಇಟ್ಟುಕೊಂಡರು.